ದೇವರ ನಾಮಗಳು: ಹೋರೇಬ್ ಬೆಟ್ಟದಿಂದ ಕನ್ನಡ ನಾಡಿನವರೆಗೆ

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಕಟ್ಟಡ, ಸೇವೆ ಸಲ್ಲಿಸಿದ ಗುರುಗಳು, ಸಂಘಗಳು, ಶಾಲೆಗಳು ಇವುಗಳ ಚರಿತ್ರೆಯನ್ನು ಬರೆಯುವುದು ವಾಡಿಕೆ. ಆ ಕಾರ್ಯವನ್ನು ಈ ಸಂಚಿಕೆಯಲ್ಲಿ ಇತರರು ಮಾಡುತ್ತಿದ್ದಾರೆ. ನಾನು ಬರೆಯಹೊರಟಿರುವುದು ಬೇರೊಂದು ಚರಿತ್ರೆಯನ್ನು. ಬಲಿಪೀಠದ ಮುಂದೆ ನಿಂತು ನಮ್ಮ ಹಿರಿಯರು ಪ್ರತಿದಿನವೂ ಉಚ್ಚರಿಸಿದ, ನಾವು ಇಂದಿಗೂ ಉಚ್ಚರಿಸುವ ದೇವರ ನಾಮದ ಚರಿತ್ರೆಯದು.

ಇದಕ್ಕೆ ಕಾರಣವಿದೆ. ಭಕ್ತಾದಿಗಳು ಪದೇ ಪದೇ ಕೇಳುವ ಮೂರು ಪ್ರಶ್ನೆಗಳುಂಟು. ಮೊದಲನೆಯದು: "ಮನೆಬಾಗಿಲಿಗೆ ಬಂದ ಬೋಧಕರು ದೇವರ ನಿಜವಾದ ಹೆಸರು ಯೆಹೋವ ಒಂದೇ, ಅದನ್ನು ಹೇಳದವರ ಪ್ರಾರ್ಥನೆ ದೇವರಿಗೆ ಮುಟ್ಟುವುದಿಲ್ಲ ಎನ್ನುತ್ತಾರೆ. ನಾವೇಕೆ ಬಲಿಪೂಜೆಯಲ್ಲಿ ಆ ಹೆಸರನ್ನು ಹೇಳುವುದಿಲ್ಲ ಸ್ವಾಮಿ?" ಎರಡನೆಯದು: "ಸರ್ವೇಶ್ವರ ಎಂಬುದು ಅನ್ಯಧರ್ಮದವರ ಮಾತಲ್ಲವೇ? ಅದನ್ನು ನಾವು ಹೇಳಬಹುದೇ?" ಮೂರನೆಯದು, ಮೋಮಿನಪುರದಂಥ ಬಡಾವಣೆಯಲ್ಲಿ ದಿನಕ್ಕೆ ಐದು ಬಾರಿ ಆಜಾನ್ ಕೇಳುವವರಿಗೆ ಸಹಜವಾದ ಪ್ರಶ್ನೆ: "ನೆರೆಮನೆಯವರು ಅಲ್ಲಾಹ್ ಎಂದು ಕರೆಯುವುದು ಯಾರನ್ನು?"

ಇವು ಪಂಡಿತರ ಕುತೂಹಲದ ಪ್ರಶ್ನೆಗಳೆಂದು ತಳ್ಳಿಹಾಕುವಂತಿಲ್ಲ. ಇವಕ್ಕೆ ಸರಿಯಾದ ಉತ್ತರ ದೊರೆಯದೆ ಒಂದೇ ಮನೆಯ ಅಣ್ಣ ಒಂದು ಪ್ರಾರ್ಥನಾಕೂಟಕ್ಕೂ ತಮ್ಮ ಇನ್ನೊಂದಕ್ಕೂ ಹೋಗುವಂತಾಗಿ, ಅಜ್ಜಿಯ ಕಾಲದಿಂದ ನಡೆದುಬಂದ ಸಂಜೆಯ ಜಪಸರ ನಿಂತುಹೋದ ಕುಟುಂಬಗಳನ್ನು ನಾನು ಬಲ್ಲೆ. ಆದುದರಿಂದ ಈ ವಿಷಯವನ್ನು ಮೂಲದಿಂದಲೇ ವಿಚಾರಿಸುವುದು ಉಚಿತ.

ಹೋರೇಬ್ ಬೆಟ್ಟದ ಉತ್ತರ

ಪ್ರಾಚೀನ ಪೂರ್ವದೇಶಗಳಲ್ಲಿ ಹೆಸರೆಂದರೆ ಕೇವಲ ಗುರುತಿನ ಚೀಟಿಯಾಗಿರಲಿಲ್ಲ. ಹೆಸರು ವ್ಯಕ್ತಿಯ ಸ್ವರೂಪವನ್ನು ಸೂಚಿಸುತ್ತಿತ್ತು. ದೇವತೆಯ ಗುಪ್ತನಾಮವನ್ನು ತಿಳಿದವನು ಆ ದೇವತೆಯನ್ನು ವಶಪಡಿಸಿಕೊಳ್ಳಬಲ್ಲನೆಂಬ ನಂಬಿಕೆ ಈಜಿಪ್ಟಿನಂಥ ನಾಡುಗಳಲ್ಲಿ ಇದ್ದಿತು. ಆ ಈಜಿಪ್ಟಿನ ಅರಮನೆಯಲ್ಲಿ ಬೆಳೆದ ಮೋಶೆಯು ಹೋರೇಬ್ ಬೆಟ್ಟದಲ್ಲಿ, ಉರಿದರೂ ಸುಟ್ಟುಹೋಗದ ಪೊದೆಯ ಮುಂದೆ ನಿಂತು ದೇವರ ಹೆಸರನ್ನು ಕೇಳಿದನು. ವಿಮೋಚನಕಾಂಡದ 3ನೆಯ ಅಧ್ಯಾಯದಲ್ಲಿ ಈ ಪ್ರಸಂಗವಿದೆ. ದೊರೆತ ಉತ್ತರವು 'ಇರುವಾತನೇ ನಾನು' ಎಂಬ ಅರ್ಥದ್ದು. ಇಬ್ರಿಯ ಭಾಷೆಯಲ್ಲಿ ಅದು 'ಇರು' ಎಂಬ ಕ್ರಿಯಾಪದದಿಂದ ಹುಟ್ಟಿದ ಮಾತು. ನಾನು ನಿಮ್ಮೊಡನೆ ಇರುತ್ತೇನೆ, ನಿಮ್ಮ ಕಷ್ಟವನ್ನು ಕಂಡಿದ್ದೇನೆ, ಬಿಡಿಸಲು ಇಳಿದುಬಂದಿದ್ದೇನೆ ಎಂಬ ಆಶ್ವಾಸನೆಯೂ ಅದರಲ್ಲಿ ಅಡಗಿದೆ.

ಈ ಉತ್ತರದಲ್ಲಿ ಕೊಡುವುದೂ ಇದೆ, ತಡೆಯುವುದೂ ಇದೆ. ದೇವರು ತಮ್ಮನ್ನು ಕರೆಯಲು ಮನುಷ್ಯನಿಗೆ ಒಂದು ನಾಮವನ್ನು ದಯಪಾಲಿಸಿದರು. ಆದರೆ ಆ ನಾಮವನ್ನು ಹಿಡಿದು ತಮ್ಮನ್ನು ಆಳಲು ಅವಕಾಶ ಕೊಡಲಿಲ್ಲ. ಮಂತ್ರವಾದಿಯು ತನ್ನ ಮಂತ್ರದಿಂದ ಭೂತವನ್ನು ಆಡಿಸುವಂತೆ ದೇವರ ನಾಮದಿಂದ ದೇವರನ್ನು ಆಡಿಸಲಾಗದು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಈ ಎರಡು ಮುಖಗಳನ್ನೂ ಒಟ್ಟಿಗೆ ಎತ್ತಿ ತೋರಿಸುತ್ತದೆ. ನಾಮವು ದಾನವಾಗಿ ಬಂದದ್ದು, ಸ್ವತ್ತಾಗಿ ಅಲ್ಲ. ಮುಂದೆ ಹೇಳುವ ಚರಿತ್ರೆಯೆಲ್ಲ ಈ ಒಂದು ಮಾತಿನ ವಿಸ್ತರಣೆಯೆಂದು ವಾಚಕರು ತಿಳಿಯಬೇಕು.

ನಾಲ್ಕು ಅಕ್ಷರಗಳ ಮೌನ

ಹೋರೇಬಿನಲ್ಲಿ ಪ್ರಕಟವಾದ ನಾಮವನ್ನು ಇಬ್ರಿಯರು ನಾಲ್ಕು ವ್ಯಂಜನಗಳಿಂದ ಬರೆಯುತ್ತಿದ್ದರು: ಯೋದ್, ಹೇ, ವಾವ್, ಹೇ. ಹಳೆಯ ಒಡಂಬಡಿಕೆಯಲ್ಲಿ ಈ ಚತುರಕ್ಷರಿ ಸುಮಾರು 6,800 ಬಾರಿ ಬರುತ್ತದೆ. ಇಬ್ರಿಯ ಬರಹದಲ್ಲಿ ಆ ಕಾಲಕ್ಕೆ ಸ್ವರಚಿಹ್ನೆಗಳಿರಲಿಲ್ಲ. ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ಯೆಹೂದ್ಯರು ಭಯಭಕ್ತಿಯಿಂದ ಆ ನಾಮವನ್ನು ಬಾಯಿಂದ ಉಚ್ಚರಿಸುವುದನ್ನು ಬಿಟ್ಟರು. ವರ್ಷಕ್ಕೊಮ್ಮೆ, ದೋಷಪರಿಹಾರಕ ದಿನದಂದು, ಜೆರುಸಲೇಮಿನ ಮಹಾದೇವಾಲಯದಲ್ಲಿ ಪ್ರಧಾನ ಯಾಜಕನು ಮಾತ್ರ ಅದನ್ನು ಉಚ್ಚರಿಸುತ್ತಿದ್ದನೆಂದು ಯೆಹೂದ್ಯ ಸಂಪ್ರದಾಯವು ತಿಳಿಸುತ್ತದೆ. ಕ್ರಿ. ಶ. 70ರಲ್ಲಿ ರೋಮನರು ಆ ದೇವಾಲಯವನ್ನು ನಾಶಪಡಿಸಿದ ಮೇಲೆ ಆ ಉಚ್ಚಾರಣೆಯೂ ನಿಂತಿತು. ಪಾರಾಯಣ ಮಾಡುವವರು ಆ ನಾಲ್ಕು ಅಕ್ಷರಗಳು ಬಂದಾಗ 'ಅದೋನಾಯ್', ಎಂದರೆ 'ನನ್ನ ಪ್ರಭು', ಎಂದು ಓದುತ್ತಿದ್ದರು. ಇಂದಿಗೂ ಹಾಗೆಯೇ ಓದುತ್ತಾರೆ. ಮಾತುಕತೆಯಲ್ಲಿ 'ಹಶೇಮ್', ಎಂದರೆ 'ಆ ನಾಮ', ಎಂದಷ್ಟೇ ಹೇಳುತ್ತಾರೆ.

ಯೆಹೂದ್ಯ ವಿದ್ವಾಂಸರು ಮುಂದೆ ಶ್ರೀಗ್ರಂಥಕ್ಕೆ ಸ್ವರಚಿಹ್ನೆಗಳನ್ನು ಸೇರಿಸಿದಾಗ, 'ಇಲ್ಲಿ ಅದೋನಾಯ್ ಎಂದು ಓದಿರಿ' ಎಂಬ ಸೂಚನೆಯಾಗಿ ಆ ಪದದ ಸ್ವರಗಳನ್ನು ಚತುರಕ್ಷರಿಗೆ ಜೋಡಿಸಿದರು. ಈ ಸೂಚನೆಯನ್ನು ಅರಿಯದ ಪಾಶ್ಚಾತ್ಯರು ಒಂದು ಪದದ ವ್ಯಂಜನಗಳನ್ನೂ ಇನ್ನೊಂದು ಪದದ ಸ್ವರಗಳನ್ನೂ ಕೂಡಿಸಿ ಓದಿದುದರಿಂದ 'ಯೆಹೋವ' ಎಂಬ ರೂಪವು ಹುಟ್ಟಿತು. ಲ್ಯಾಟಿನ್ ಬರಹಗಳಲ್ಲಿ ಅದು 13ನೆಯ ಶತಮಾನದ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಪ್ರಾಚೀನ ಉಚ್ಚಾರಣೆಯು 'ಯಾಹ್ವೆ' ಎಂಬುದಕ್ಕೆ ಸಮೀಪವಾಗಿದ್ದಿರಬೇಕೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಹೀಗಿರುವಾಗ, 'ಯೆಹೋವ' ಎಂದು ಉಚ್ಚರಿಸದವರ ಪ್ರಾರ್ಥನೆಗೆ ಬೆಲೆಯಿಲ್ಲವೆನ್ನುವುದು ಚರಿತ್ರೆಗೆ ಒಪ್ಪುವ ಮಾತಲ್ಲ. ಆ ರೂಪವನ್ನು ಭಕ್ತಿಯಿಂದ ಬಳಸುವ ಪ್ರಾಟೆಸ್ಟೆಂಟ್ ಸಹೋದರರನ್ನು ಹಳಿಯುವುದೂ ಸಲ್ಲದು. 'ಸತ್ಯವೇದ'ವೆಂದು ಕನ್ನಡಿಗರಿಗೆ ಪರಿಚಿತವಾದ ಭಾಷಾಂತರದಲ್ಲಿ ಆ ಹೆಸರು ಬಹುಕಾಲದಿಂದ ನೆಲೆಗೊಂಡಿದೆ; ಅನೇಕರು ಅದನ್ನು ಕಣ್ಣೀರಿನಿಂದ ಕರೆದು ಸಾಂತ್ವನವನ್ನು ಪಡೆದಿದ್ದಾರೆ.

ಹಾಗಾದರೆ ನಾವೇಕೆ ಪೂಜಾವಿಧಿಯಲ್ಲಿ ಹಾಗೆ ಕರೆಯುವುದಿಲ್ಲ? ಕ್ರಿಸ್ತಪೂರ್ವ 3ನೆಯ ಶತಮಾನದಿಂದ ಅಲೆಕ್ಸಾಂಡ್ರಿಯದ ಯೆಹೂದ್ಯರು ಶ್ರೀಗ್ರಂಥವನ್ನು ಗ್ರೀಕ್ ಭಾಷೆಗೆ ಅನುವಾದಿಸಿದರು. ಆ ಅನುವಾದವನ್ನು ಓದಿದ ಆದಿಸಭೆಯು ಚತುರಕ್ಷರಿಯ ಸ್ಥಾನದಲ್ಲಿ 'ಕೂರಿಯೋಸ್', ಎಂದರೆ 'ಪ್ರಭು', ಎಂಬ ಪದವನ್ನೇ ಹೇಳುತ್ತಿತ್ತು. ಸಂತ ಜೆರೋಮರ ಲ್ಯಾಟಿನ್ ಬೈಬಲಿನಲ್ಲಿ ಅದು 'ದೋಮಿನುಸ್' ಆಯಿತು. ಪ್ರೇಷಿತರು ಯೇಸುವನ್ನು 'ಪ್ರಭು' ಎಂದು ಕರೆದಾಗ ಕೇಳುವವರಿಗೆ ಆ ಮಾತಿನ ಗಾಂಭೀರ್ಯ ತಿಳಿದಿತ್ತು: ಹೋರೇಬಿನಲ್ಲಿ ಮಾತನಾಡಿದ ದೇವರಿಗೆ ಸಲ್ಲುವ ನಾಮವು ಈತನಿಗೆ ಸಲ್ಲುತ್ತಿದೆ. ಸಂತ ಪೌಲರು ಫಿಲಿಪ್ಪಿಯರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ, ಎಲ್ಲ ನಾಮಗಳಿಗಿಂತ ಶ್ರೇಷ್ಠವಾದ ನಾಮವನ್ನು ದೇವರು ಯೇಸುವಿಗೆ ಅನುಗ್ರಹಿಸಿದರೆಂದು ಸಾರುವುದು ಇದನ್ನೇ. 'ಪ್ರಭು' ಎಂಬ ಪದವನ್ನು ತೆಗೆದು ಅಲ್ಲಿ ಬೇರೊಂದು ಹೆಸರನ್ನಿಟ್ಟರೆ ಹಳೆಯ ಒಡಂಬಡಿಕೆಗೂ ಹೊಸ ಒಡಂಬಡಿಕೆಗೂ ಇರುವ ಈ ಕೊಂಡಿ ಕಳಚುತ್ತದೆ. ಈ ಕಾರಣದಿಂದಲೂ, ಯೆಹೂದ್ಯರ ಪೂಜ್ಯಭಾವವನ್ನು ಗೌರವಿಸುವ ಸಲುವಾಗಿಯೂ, ಪೂಜಾವಿಧಿಗಳಲ್ಲಿ, ಗೀತೆಗಳಲ್ಲಿ, ಪ್ರಾರ್ಥನೆಗಳಲ್ಲಿ ಚತುರಕ್ಷರಿಯನ್ನು ಉಚ್ಚರಿಸಬಾರದೆಂದು ವ್ಯಾಟಿಕನ್ನಿನ ದೈವಾರಾಧನಾ ಮಂಡಳಿಯು 2008ರ ಜೂನ್ 29ರಂದು ಎಲ್ಲ ಧರ್ಮಾಧ್ಯಕ್ಷರ ಮಂಡಳಿಗಳಿಗೆ ಪತ್ರ ಬರೆಯಿತು.

ಆದರೂ ಆ ನಾಮವು ನಮ್ಮ ಬಾಯಿಂದ ಮರೆಯಾಗಿಲ್ಲ. 'ಅಲ್ಲೆಲೂಯ' ಎಂಬ ಪದದ ಕೊನೆಯಲ್ಲಿರುವ 'ಯ' ಅದರ ಸಂಕ್ಷಿಪ್ತ ರೂಪವೇ; ಆ ಪದಕ್ಕೆ 'ಯಾಹ್ವೆಯನ್ನು ಸ್ತುತಿಸಿರಿ' ಎಂದೇ ಅರ್ಥ. ನಮ್ಮ ದೀಕ್ಷಾಸ್ನಾನದ ನಾಮಗಳಲ್ಲಿಯೂ ಅದು ಅಡಗಿದೆ. ಯೊವಾನ್ನ ಎಂದರೆ 'ಪ್ರಭು ಕೃಪಾಳು'; ಮತ್ತಾಯ ಎಂದರೆ 'ಪ್ರಭುವಿನ ಕೊಡುಗೆ'. ಅಂತೆಯೇ ಮಿಕಾಯೇಲ, ಗಬ್ರಿಯೇಲ, ರಫಾಯೇಲ, ದಾನಿಯೇಲ ಎಂಬ ಹೆಸರುಗಳ ಕೊನೆಯಲ್ಲಿರುವ 'ಏಲ್' ಎಂಬುದು ದೇವರನ್ನು ಸೂಚಿಸುತ್ತದೆ. ಮಗುವಿಗೆ ಹೆಸರಿಡುವಾಗ ಕೇಳಲು ಇಂಪಾಗಿದೆಯೇ ಎಂದಷ್ಟೇ ನೋಡದೆ ಅದರ ಅರ್ಥವನ್ನೂ ತಿಳಿಯುವುದು ತಂದೆತಾಯಿಗಳಿಗೆ ಯೋಗ್ಯವಾದುದು.

ಹಾಗರಳು ಇಟ್ಟ ಹೆಸರು

ಹೋರೇಬಿಗೂ ಮುಂಚೆ ಪಿತಾಮಹರು ದೇವರನ್ನು ಹಲವು ನಾಮಗಳಿಂದ ಕರೆದರು. ಅಬ್ರಹಾಮನಿಗೆ ಅವರು 'ಏಲ್ ಶದ್ದಾಯ್', ಎಂದರೆ ಸರ್ವಶಕ್ತ ದೇವರು, ಎಂದು ಕಾಣಿಸಿಕೊಂಡರು. ಸಾಲೇಮಿನ ಅರಸ ಮೆಲ್ಕಿಸೆದೇಕನು 'ಏಲ್ ಎಲ್ಯೋನ್', ಎಂದರೆ ಪರಾತ್ಪರ ದೇವರ ಯಾಜಕನಾಗಿದ್ದನು. 'ಎಲೋಹಿಮ್' ಎಂಬ ಸಾಮಾನ್ಯ ಪದವು ರೂಪದಲ್ಲಿ ಬಹುವಚನ, ಅರ್ಥದಲ್ಲಿ ಏಕವಚನ. ಇದು ಕನ್ನಡಿಗರಿಗೆ ವಿಚಿತ್ರವೆನಿಸಬೇಕಾಗಿಲ್ಲ. ನಮ್ಮ 'ದೇವರು' ಎಂಬ ಪದವೂ ಹಾಗೆಯೇ ಅಲ್ಲವೇ? 'ದೇವ' ಎಂಬುದಕ್ಕೆ ಗೌರವಸೂಚಕವಾಗಿ ಬಹುವಚನವನ್ನು ಹಚ್ಚಿ ನಾವು ಒಬ್ಬರನ್ನೇ ಕರೆಯುತ್ತೇವೆ. ಆದರೆ ಇಂಥ ವ್ಯಾಕರಣದಿಂದ ತ್ರಿತ್ವದ ರಹಸ್ಯವನ್ನು ಸಾಧಿಸಿ ತೋರಿಸಲು ಹೊರಡಬಾರದು. ಆ ರಹಸ್ಯವು ವ್ಯಾಕರಣದಿಂದ ಬಂದುದಲ್ಲ, ಪ್ರಭು ಯೇಸುವಿನಿಂದ ಪ್ರಕಟವಾದುದು.

ಈ ನಾಮಗಳ ನಡುವೆ ವಿಶೇಷವಾದುದೊಂದಿದೆ. ಆದಿಕಾಂಡದ 16ನೆಯ ಅಧ್ಯಾಯದಲ್ಲಿ ಅಬ್ರಹಾಮನ ಮನೆಯ ದಾಸಿ, ಈಜಿಪ್ಟಿನ ಹಾಗರಳು, ಗರ್ಭಿಣಿಯಾಗಿ ಒಡತಿಯ ಕಾಟವನ್ನು ತಾಳಲಾರದೆ ಅರಣ್ಯಕ್ಕೆ ಓಡಿಹೋಗುತ್ತಾಳೆ. ಒರತೆಯ ಬಳಿ ದೇವದೂತನು ಅವಳನ್ನು ಕಂಡು ಸಂತೈಸುತ್ತಾನೆ. ಹುಟ್ಟಲಿರುವ ಮಗನಿಗೆ ಇಷ್ಮಾಯೇಲ್, ಎಂದರೆ 'ದೇವರು ಆಲಿಸುತ್ತಾರೆ', ಎಂದು ಹೆಸರಿಡಲು ಹೇಳುತ್ತಾನೆ. ಆಗ ಹಾಗರಳು ತನ್ನೊಡನೆ ಮಾತನಾಡಿದ ದೇವರಿಗೆ 'ಏಲ್ ರೊಯಿ', ಎಂದರೆ 'ನನ್ನನ್ನು ಕಾಣುವ ದೇವರು', ಎಂದು ತಾನೇ ಹೆಸರಿಡುತ್ತಾಳೆ. ಶ್ರೀಗ್ರಂಥದಲ್ಲಿ ದೇವರಿಗೆ ಹೀಗೆ ಹೆಸರಿಟ್ಟವಳು ರಾಜನೂ ಅಲ್ಲ, ಪ್ರವಾದಿಯೂ ಅಲ್ಲ, ಪರದೇಶದ ದಾಸಿ. ನಮ್ಮ ನೆರೆಯ ಮುಸಲ್ಮಾನರು ತಮ್ಮ ವಿಶ್ವಾಸದ ಪೂರ್ವಜನೆಂದು ಗೌರವಿಸುವ ಇಷ್ಮಾಯೇಲನ ತಾಯಿ. ದೇವರ ನಾಮವು ಯಾವುದೇ ಒಂದು ಮನೆತನದ ಬೀಗದಕೈಗೊಂಚಲಿನಲ್ಲಿ ಇರುವಂಥದಲ್ಲವೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ.

ಯೇಸುವಿನ ನಾಮ, ತಂದೆಯ ನಾಮ

'ಯೇಸು' ಎಂಬ ಹೆಸರಿನ ಇಬ್ರಿಯ ಮೂಲವಾದ 'ಯೇಶುವ' ಎಂಬುದಕ್ಕೆ 'ಪ್ರಭುವೇ ರಕ್ಷಣೆ' ಎಂಬ ಅರ್ಥವಿದೆ. ಜೋಸೆಫರಿಗೆ ಕನಸಿನಲ್ಲಿ ದೇವದೂತನು ಈ ಹೆಸರಿನ ಕಾರಣವನ್ನು ತಿಳಿಸಿದುದನ್ನು ಸಂತ ಮತ್ತಾಯರು ಮೊದಲ ಅಧ್ಯಾಯದಲ್ಲಿಯೇ ಬರೆದಿದ್ದಾರೆ. ಚತುರಕ್ಷರಿಯನ್ನು ಉಚ್ಚರಿಸಲು ಅಂಜುತ್ತಿದ್ದ ಜನರ ನಡುವೆ, ಅದೇ ನಾಮವನ್ನು ಒಳಗೊಂಡ ಹೆಸರಿನಿಂದ ನಜರೇತಿನ ತಾಯಂದಿರು ಒಬ್ಬ ಬಾಲಕನನ್ನು ಕೂಗಿ ಕರೆಯುವಂತಾಯಿತು. ದೇವಾಲಯದ ಬಲಿಪೀಠಗಳ ಮೇಲೂ ಪೂಜಾವಸ್ತ್ರಗಳ ಮೇಲೂ ನಾವು ಕಾಣುವ ಮೂರು ಅಕ್ಷರಗಳ ಚಿಹ್ನೆಯು ಗ್ರೀಕ್ ಭಾಷೆಯಲ್ಲಿ ಈ ಹೆಸರಿನ ಮೊದಲ ಮೂರು ಅಕ್ಷರಗಳೇ ಆಗಿವೆ. 15ನೆಯ ಶತಮಾನದಲ್ಲಿ ಸಿಯೆನಾದ ಸಂತ ಬರ್ನಾರ್ದಿನರು ಇಟಲಿಯ ಊರೂರಿನಲ್ಲಿ ಈ ಚಿಹ್ನೆಯನ್ನು ಎತ್ತಿಹಿಡಿದು ಬೋಧಿಸಿದರು. ಜನವರಿ 3ರಂದು ಯೇಸುವಿನ ಪವಿತ್ರ ನಾಮದ ಸ್ಮರಣೆಯನ್ನು ಧರ್ಮಸಭೆಯು ಆಚರಿಸುತ್ತದೆ.

ಯೇಸುವಾದರೋ ತಮ್ಮ ನಾಮಕ್ಕಿಂತ ತಂದೆಯ ನಾಮವನ್ನೇ ಪ್ರಕಟಿಸಲು ಬಂದೆನೆಂದರು. ಗೆತ್ಸೆಮನೆಯ ತೋಪಿನಲ್ಲಿ ಪ್ರಾಣಸಂಕಟದಲ್ಲಿದ್ದಾಗ ಅವರ ಬಾಯಿಂದ ಹೊರಟ ಪದ 'ಅಬ್ಬಾ'. ಅದು ಅರಮಾಯಿಕ್ ಭಾಷೆಯಲ್ಲಿ ಮಕ್ಕಳು ಮನೆಯಲ್ಲಿ ತಂದೆಯನ್ನು ಕರೆಯುತ್ತಿದ್ದ ಮಾತು. ಸಂತ ಮಾರ್ಕರು ಅದನ್ನು ಅನುವಾದಿಸದೆ ಹಾಗೆಯೇ ಉಳಿಸಿದ್ದಾರೆ. ಕಲಬುರಗಿಯವರಿಗೆ ಇದರ ಸ್ವಾರಸ್ಯವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೆತ್ತ ತಂದೆಯನ್ನು ಅಪ್ಪ ಎನ್ನುತ್ತೇವೆ. ಶರಣಬಸವೇಶ್ವರ ಸಂಸ್ಥಾನದ ಪೀಠಾಧಿಪತಿಗಳನ್ನೂ ಈ ನಾಡಿನ ಜನ 'ಅಪ್ಪ' ಎಂದೇ ಕರೆದಿದ್ದಾರೆ. ನಗರದ ಕೆರೆಗೂ 'ಅಪ್ಪನ ಕೆರೆ' ಎಂಬ ಹೆಸರು ಬಂದಿದೆ. ಸಲಿಗೆಯೂ ಗೌರವವೂ ಕೂಡಿದ ಇಂಥದೇ ಪದದಿಂದ ದೇವಪುತ್ರರು ದೇವರನ್ನು ಕರೆದರು. ಪವಿತ್ರಾತ್ಮರ ಮೂಲಕ ನಮಗೂ ಹಾಗೆ ಕರೆಯುವ ಹಕ್ಕು ದೊರೆತಿದೆಯೆಂದು ಸಂತ ಪೌಲರು ರೋಮನರಿಗೂ ಗಲಾತ್ಯರಿಗೂ ಬರೆದರು. ದೀಕ್ಷಾಸ್ನಾನವು ಪಿತ, ಸುತ, ಪವಿತ್ರಾತ್ಮರ 'ನಾಮದಲ್ಲಿ' ನಡೆಯುತ್ತದೆ, 'ನಾಮಗಳಲ್ಲಿ' ಅಲ್ಲ. ಮೂವರು ವ್ಯಕ್ತಿಗಳಾದರೂ ನಾಮವೊಂದೇ, ಏಕೆಂದರೆ ದೇವರೊಬ್ಬರೇ.

ಮನುಷ್ಯರ ಮಾತು, ದೇವರ ಮಹಿಮೆ

ಹೀಗೆ ಕರೆಯುವ ನಮ್ಮ ಮಾತುಗಳು ದೇವರನ್ನು ನಿಜವಾಗಿ ಮುಟ್ಟುತ್ತವೆಯೇ? 13ನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ದೇವರ ನಾಮಗಳಿಗಾಗಿಯೇ ಒಂದು ಪ್ರಕರಣವನ್ನು ಮೀಸಲಿಟ್ಟರು. ಅವರ ವಿಚಾರವನ್ನು ಸರಳವಾಗಿ ಹೀಗೆ ಹೇಳಬಹುದು. ನಾವು ಒಬ್ಬ ತಾಯಿಯನ್ನು ಒಳ್ಳೆಯವಳೆನ್ನುತ್ತೇವೆ, ದೇವರನ್ನೂ ಒಳ್ಳೆಯವರೆನ್ನುತ್ತೇವೆ. ಎರಡು ಕಡೆಯೂ ಪದದ ಅರ್ಥ ಸಂಪೂರ್ಣವಾಗಿ ಒಂದೇ ಅಲ್ಲ, ಸಂಪೂರ್ಣವಾಗಿ ಬೇರೆಯೂ ಅಲ್ಲ. ತಾಯಿಯ ಒಳ್ಳೆಯತನವು ದೇವರ ಒಳ್ಳೆಯತನದಿಂದ ಹರಿದುಬಂದುದರಿಂದ ನಮ್ಮ ಮಾತು ದೇವರ ವಿಷಯದಲ್ಲಿ ಸುಳ್ಳಾಗುವುದಿಲ್ಲ. ಆದರೆ ಅದು ದೇವರನ್ನು ಅಳೆದು ಮುಗಿಸುವುದೂ ಇಲ್ಲ. 1215ರಲ್ಲಿ ಸೇರಿದ ನಾಲ್ಕನೆಯ ಲ್ಯಾಟರನ್ ಮಹಾಸಭೆಯು, ಸೃಷ್ಟಿಗೂ ಸೃಷ್ಟಿಕರ್ತರಿಗೂ ಎಷ್ಟು ಹೋಲಿಕೆಯನ್ನು ಕಂಡರೂ ಅದಕ್ಕಿಂತ ಹೆಚ್ಚಿನ ಅಂತರವಿದೆಯೆಂಬುದನ್ನು ಮರೆಯಬಾರದೆಂದು ಬೋಧಿಸಿತ್ತು. ಆದುದರಿಂದಲೇ ಯಾವ ಭಾಷೆಯ ಪದವೂ ದೇವರಿಗೆ ಸಾಲದು. ಹಾಗೆಯೇ ಯಾವ ಭಾಷೆಯೂ ದೇವರನ್ನು ಕರೆಯಲು ಅನರ್ಹವಲ್ಲ.

ಸರ್ವೇಶ್ವರ ಎಂಬ ಪದ ಬಂದ ದಾರಿ

ಈ ತತ್ವವನ್ನು ಕಾರ್ಯದಲ್ಲಿ ತರುವುದು ಸುಲಭವಾಗಿರಲಿಲ್ಲ. 1549ರಲ್ಲಿ ಜಪಾನಿಗೆ ಹೋದ ಸಂತ ಫ್ರಾನ್ಸಿಸ್ ಜೇವಿಯರರು ಮೊದಮೊದಲು ದೇವರನ್ನು 'ದೈನಿಚಿ' ಎಂಬ ಅಲ್ಲಿಯ ಪದದಿಂದ ಬೋಧಿಸಿದರು. ಅದು ಬೌದ್ಧಪಂಥವೊಂದರ ಪೂಜ್ಯಮೂರ್ತಿಯ ಹೆಸರೆಂದು ತಿಳಿದೊಡನೆ ಅದನ್ನು ಕೈಬಿಟ್ಟು 'ದೇವುಸ್' ಎಂಬ ಲ್ಯಾಟಿನ್ ಪದವನ್ನೇ ಬಳಸಿದರು. ಚೀನಾದಲ್ಲಿ ಮತ್ತೆಯೋ ರಿಚ್ಚಿಯವರೂ ಅವರ ಜೊತೆಗಾರರೂ ಬಳಕೆಗೆ ತಂದ ಪದಗಳ ಬಗೆಗೆ ಶತಮಾನಕ್ಕೂ ಮಿಕ್ಕಿ ವಾದ ನಡೆದು, 1715ರಲ್ಲಿ ಪೋಪ್ ಹನ್ನೊಂದನೆಯ ಕ್ಲೆಮೆಂಟರು 'ಸ್ವರ್ಗದ ಒಡೆಯ' ಎಂಬರ್ಥದ 'ತಿಯನ್‌ಝು' ಎಂಬ ಒಂದೇ ಪದವನ್ನು ಸ್ಥಿರಪಡಿಸಿದರು. ಚೀನಾದ ಕಥೋಲಿಕರು ಇಂದಿಗೂ ದೇವರನ್ನು ಹಾಗೆಯೇ ಕರೆಯುತ್ತಾರೆ.

ನಮ್ಮ ದಕ್ಷಿಣ ಭಾರತದಲ್ಲಿ 1578ರಲ್ಲಿ ಕೊಲ್ಲಂನಲ್ಲಿ ಅಚ್ಚಾದ ತಮಿಳು ಧರ್ಮೋಪದೇಶದ ಪುಸ್ತಕದ ಹೆಸರೇ 'ತಂಬಿರಾನ್ ವಣಕ್ಕಂ'. ಯೇಸುಸಭೆಯ ಹೆನ್ರಿಕೆ ಹೆನ್ರಿಕೆಸರು ದೇವರಿಗೆ 'ಒಡೆಯ' ಎಂಬರ್ಥದ ನಾಡಪದವನ್ನು ಆರಿಸಿದ್ದರು. 1606ರಲ್ಲಿ ಮಧುರೆಗೆ ಬಂದ ರಾಬರ್ಟ್ ದೆ ನೊಬಿಲಿಯವರು ಸಂಸ್ಕೃತವನ್ನೂ ತಮಿಳನ್ನೂ ಕಲಿತು, ಸನ್ಯಾಸಿಯ ವೇಷದಲ್ಲಿ ಬಾಳಿ, ದೇವರಿಗೆ 'ಸರ್ವೇಶ್ವರ' ಎಂಬ ಪದವನ್ನು ಎತ್ತಿಕೊಂಡರು. ಸರ್ವ ಎಂದರೆ ಎಲ್ಲ, ಈಶ್ವರ ಎಂದರೆ ಒಡೆಯ, ಎಲ್ಲಕ್ಕೂ ಒಡೆಯ. ಯಾವುದೇ ಒಂದು ಮೂರ್ತಿಗೋ ಕ್ಷೇತ್ರಕ್ಕೋ ಕಟ್ಟುಬೀಳದೆ ಏಕದೇವರನ್ನು ಸೂಚಿಸಲು ಆ ಪದವು ಯೋಗ್ಯವಾಗಿ ಕಂಡಿತು. ತಮಿಳು ಕಥೋಲಿಕರ ಹಳೆಯ ಜಪಗಳಲ್ಲಿ 'ಸರ್ವೇಸುರನ್' ಎಂದೂ ಕೊಂಕಣಿಯಲ್ಲಿ 'ಸರ್ವೆಸ್ಪರ್' ಎಂದೂ ಅದು ನೆಲೆಸಿತು. 17ನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಶನ್ನಿಗೆ ಅಡಿಪಾಯ ಹಾಕಿದ ಲಿಯೊನಾರ್ದೊ ಚಿನ್ನಮಿಯವರು ದೆ ನೊಬಿಲಿಯವರ ಮಾದರಿಯನ್ನೇ ಅನುಸರಿಸಿ ಕನ್ನಡವನ್ನು ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶದ ಬರಹಗಳನ್ನು ರಚಿಸಿದರು. ಇಂದು ನಮ್ಮ ಕೈಯಲ್ಲಿರುವ ಸರಳ ಕನ್ನಡದ ಶ್ರೀಗ್ರಂಥದಲ್ಲಿ ಚತುರಕ್ಷರಿಯು ಬರುವೆಡೆಗಳಲ್ಲಿ 'ಸರ್ವೇಶ್ವರ' ಎಂಬುದೇ ನಿಂತಿದೆ.

ಪ್ರಾಟೆಸ್ಟೆಂಟ್ ಮಿಶನ್ನುಗಳ ದಾರಿ ಬೇರೆಯಾಯಿತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸರ ದೀರ್ಘ ಪರಿಶ್ರಮದಿಂದ, 1830ರ ದಶಕದ ಆರಂಭದ ವೇಳೆಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಬಂದಿತು. ಕಥೋಲಿಕರ ಬಾಯಲ್ಲಿ 'ಪ್ರಭು' ಎನಿಸಿದ್ದು ಅವರ ಬಾಯಲ್ಲಿ 'ಕರ್ತ'ನೆನಿಸಿತು. ಎರಡೂ ಸಂಸ್ಕೃತದಿಂದ ಬಂದ ಪದಗಳೇ. ಎರಡೂ ಒಬ್ಬರನ್ನೇ ಕರೆಯುತ್ತವೆ.

'ಸರ್ವೇಶ್ವರ ಅನ್ಯಧರ್ಮದ ಮಾತಲ್ಲವೇ' ಎಂಬ ಸಂದೇಹಕ್ಕೆ ಈಗ ಉತ್ತರ ಹೇಳಬಹುದು. ಗ್ರೀಕರ 'ಥೆಯೋಸ್', ರೋಮನರ 'ದೇವುಸ್', ಆಂಗ್ಲರ 'ಗಾಡ್' ಇವೆಲ್ಲವೂ ಕ್ರೈಸ್ತರು ಬರುವುದಕ್ಕೆ ಮುಂಚೆ ಬೇರೆ ದೇವತೆಗಳಿಗೆ ಸಲ್ಲುತ್ತಿದ್ದ ಪದಗಳು. ಧರ್ಮಸಭೆಯು ಅವುಗಳನ್ನು ತೊಳೆದು, ಯೇಸುಕ್ರಿಸ್ತರಲ್ಲಿ ಪ್ರಕಟವಾದ ಸತ್ಯವನ್ನು ಅವುಗಳಲ್ಲಿ ತುಂಬಿತು. ಮಿಗಿಲಾಗಿ, ಲ್ಯಾಟಿನ್ನಿನ 'ದೇವುಸ್' ಮತ್ತು ಸಂಸ್ಕೃತದ 'ದೇವ' ಒಂದೇ ಬೇರಿನಿಂದ ಚಿಗುರಿದ ಪದಗಳೆಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಲ್ಯಾಟಿನ್ ಪೂಜೆಯಲ್ಲಿ ಗುರುಗಳು 'ದೇವುಸ್' ಎನ್ನುತ್ತಿದ್ದಾಗ, ಹಿಂದೆ ಕುಳಿತು ತಮ್ಮ ಭಾಷೆಯಲ್ಲಿ ಜಪಸರ ಹೇಳುತ್ತಿದ್ದ ಅಜ್ಜಿಯು 'ದೇವಾ' ಎನ್ನುತ್ತಿದ್ದಳು. ಇಬ್ಬರ ಮಾತೂ ಅಕ್ಕತಂಗಿಯರ ಮಾತಾಗಿದ್ದವು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪೂಜಾವಿಧಿಯ ಶಾಸನವನ್ನು ಹೊರಡಿಸಿ ನಾಡಭಾಷೆಗಳಿಗೆ ಬಾಗಿಲು ತೆರೆದ ಮೇಲೆ ಅಜ್ಜಿಯ ಮಾತೇ ಬಲಿಪೀಠದ ಮಾತೂ ಆಯಿತು.

ಮೋಮಿನಪುರದ ನೆರೆಹೊರೆ

ಈಗ ಮೂರನೆಯ ಪ್ರಶ್ನೆ. 'ಅಲ್ಲಾಹ್' ಎಂಬುದು ಅರಬ್ಬಿಯಲ್ಲಿ 'ದೇವರು' ಎಂಬುದಕ್ಕೆ ಇರುವ ಪದ. ಇಬ್ರಿಯರ 'ಎಲೋಹ', ಅರಮಾಯಿಕ್ಕಿನ 'ಅಲಾಹಾ' ಅದರ ಬಂಧುಗಳು. ಶಿಲುಬೆಯ ಮೇಲೆ ಪ್ರಭು ಯೇಸು 'ಎಲೋಯಿ' ಎಂದು ಕೂಗಿದ ಪದವೂ ಇದೇ ವಂಶದ್ದು. ಅರಬ್ಬಿ ಮಾತನಾಡುವ ಕ್ರೈಸ್ತರು ಬಲಿಪೂಜೆಯಲ್ಲಿ ದೇವರನ್ನು 'ಅಲ್ಲಾಹ್' ಎಂದೇ ಕರೆಯುತ್ತಾರೆ. ಮಾಲ್ಟಾ ದ್ವೀಪದ ಕಥೋಲಿಕರು 'ಅಲ್ಲಾ' ಎನ್ನುತ್ತಾರೆ. ನಮ್ಮ ಈ ಪ್ರಾಂತ್ಯವು 1948ರವರೆಗೆ ನಿಜಾಮರ ರಾಜ್ಯಕ್ಕೆ ಸೇರಿತ್ತು. ಉರ್ದು ಆಡಳಿತದ ಭಾಷೆಯಾಗಿತ್ತು. ಉರ್ದು ಬೈಬಲಿನಲ್ಲಿ ದೇವರು 'ಖುದಾ', ಪ್ರಭು 'ಖುದಾವಂದ'. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆಯಲ್ಲಿ, ಸ್ವರ್ಗ ಭೂಮಿಗಳನ್ನು ಸೃಷ್ಟಿಸಿದ ಏಕದೇವರನ್ನು ಆರಾಧಿಸುವ ಮುಸಲ್ಮಾನರನ್ನು ಧರ್ಮಸಭೆಯು ಆದರದಿಂದ ಕಾಣುತ್ತದೆಯೆಂದು ತಿಳಿಸಿತು. ಯೇಸುವನ್ನು ಅವರು ದೇವಪುತ್ರರೆಂದು ಒಪ್ಪದಿದ್ದರೂ ಪ್ರವಾದಿಯೆಂದು ಗೌರವಿಸುತ್ತಾರೆ, ಮಾತೆ ಮರಿಯಮ್ಮನವರನ್ನು ಸನ್ಮಾನಿಸುತ್ತಾರೆಂದೂ ಹೇಳಿತು. ಅವರಿಗೂ ನಮಗೂ ಇರುವ ಭೇದವು ಸಣ್ಣದಲ್ಲ. ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಆದರೆ ಆ ಭೇದವಿರುವುದು ದೇವರು ತಮ್ಮನ್ನು ಹೇಗೆ ಪ್ರಕಟಿಸಿದರೆಂಬುದರಲ್ಲಿ. 'ಅಲ್ಲಾಹ್' ಎಂಬ ಪದದಲ್ಲಿ ಅಲ್ಲ.

ಪದವೊಂದನ್ನು ಸ್ವತ್ತಾಗಿ ಮಾಡಿಕೊಂಡರೆ ಏನಾಗುವುದೆಂಬುದಕ್ಕೆ ಮಲೇಶಿಯದ ಉದಾಹರಣೆ ಇದೆ. ಅಲ್ಲಿಯ ಕಥೋಲಿಕ ವಾರಪತ್ರಿಕೆ 'ಹೆರಾಲ್ಡ್' ಮಲಯ ಭಾಷೆಯಲ್ಲಿ ದೇವರನ್ನು 'ಅಲ್ಲಾಹ್' ಎಂದು ಬರೆಯಬಹುದೇ ಎಂಬ ವಿವಾದವು ನ್ಯಾಯಾಲಯಕ್ಕೆ ಹೋಯಿತು. 2009ರ ಡಿಸೆಂಬರ್ 31ರಂದು ಉಚ್ಚ ನ್ಯಾಯಾಲಯವು ಅನುಮತಿ ಕೊಟ್ಟಿತು. ಕೆಲವೇ ದಿನಗಳಲ್ಲಿ ಚರ್ಚುಗಳ ಮೇಲೆ ಆಕ್ರಮಣಗಳಾದವು. 2013ರಲ್ಲಿ ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಯಿತು. ಬೇರೊಂದು ಮೊಕದ್ದಮೆಯಲ್ಲಿ 2021ರಲ್ಲಿ ಉಚ್ಚ ನ್ಯಾಯಾಲಯವು ಮತ್ತೆ ಕ್ರೈಸ್ತರ ಹಕ್ಕನ್ನು ಎತ್ತಿಹಿಡಿಯಿತು. ಪ್ರಾರ್ಥನೆಯ ಪದವು ಪೊಲೀಸರ ಕಡತವನ್ನು ಸೇರಬಾರದಾಗಿತ್ತು. ಅವರು ಮಾಡಿದುದನ್ನು ನಾವು ಇನ್ನೊಂದು ರೀತಿಯಲ್ಲಿ ಮಾಡುತ್ತಿಲ್ಲವೇ ಎಂಬುದನ್ನೂ ನಾವು ಕೇಳಿಕೊಳ್ಳಬೇಕು. ಒಂದು ನಾಮವನ್ನು ಹಿಡಿದು ಇನ್ನೊಬ್ಬರ ಪ್ರಾರ್ಥನೆಯನ್ನು ಹೀಗಳೆಯುವವರು ಎಲ್ಲ ಕಡೆಯೂ ಇದ್ದಾರೆ.

ಮೋಮಿನಪುರವೆಂಬ ಹೆಸರನ್ನೇ ತೆಗೆದುಕೊಳ್ಳಿರಿ. 'ಮೋಮಿನ್' ಎಂದರೆ ಅರಬ್ಬಿಯಲ್ಲಿ ವಿಶ್ವಾಸಿ. ಮುಸಲ್ಮಾನರು ಎಣಿಸುವ ದೇವರ 99 ಸುಂದರ ನಾಮಗಳಲ್ಲಿ 'ಅಲ್ ಮುಮಿನ್' ಎಂಬುದೂ ಒಂದು. ಅಭಯವನ್ನು ಕೊಡುವಾತ ಎಂದು ಅದರ ಅರ್ಥ. ಈ ಪದದ ಬೇರೂ, ನಮ್ಮ ಪ್ರತಿಯೊಂದು ಜಪದ ಕೊನೆಯಲ್ಲಿ ನಾವು ಹೇಳುವ 'ಆಮೆನ್' ಎಂಬ ಇಬ್ರಿಯ ಪದದ ಬೇರೂ ಒಂದೇ. ಸ್ಥಿರತೆ, ನಂಬಿಕೆ, ನಂಬಲರ್ಹತೆ ಎಂಬ ಅರ್ಥಗಳು ಆ ಬೇರಿನಲ್ಲಿವೆ. ಪ್ರವಾದಿ ಯೆಶಾಯನ ಗ್ರಂಥದ 65ನೆಯ ಅಧ್ಯಾಯವು ದೇವರನ್ನೇ 'ಆಮೆನ್ ದೇವರು' ಎಂದು ಕರೆಯುತ್ತದೆ. ಪ್ರಕಟನಾ ಗ್ರಂಥದ 3ನೆಯ ಅಧ್ಯಾಯವು ಪ್ರಭು ಕ್ರಿಸ್ತರಿಗೆ 'ಆಮೆನ್' ಎಂಬ ಹೆಸರನ್ನು ಕೊಡುತ್ತದೆ. ಹೀಗೆ ಬಡಾವಣೆಯ ವಿಳಾಸವನ್ನು ಬರೆಯುವಾಗಲೆಲ್ಲ ನಾವು ಆಮೆನ್ನಿನ ಬಂಧುವಾದ ಪದವೊಂದನ್ನು ಬರೆಯುತ್ತಿದ್ದೇವೆ.

ನಾಮವನ್ನು ಪವಿತ್ರವಾಗಿ ಕಾಯುವುದು

ನಾಮವು ದಾನವಾದ ಮೇಲೆ ಅದನ್ನು ಕಾಯುವ ಹೊಣೆಯೂ ಬರುತ್ತದೆ. ದೇವರ ನಾಮವನ್ನು ವ್ಯರ್ಥವಾಗಿ ಎತ್ತಬಾರದೆಂಬುದು ಹತ್ತು ಕಟ್ಟಳೆಗಳಲ್ಲಿ ಎರಡನೆಯದು. ಸಂತೆಯಲ್ಲಿ ಎರಡು ರೂಪಾಯಿಯ ಚೌಕಾಸಿಗೆ 'ದೇವರಾಣೆ' ಎನ್ನುವುದು, ಜಮೀನಿನ ವ್ಯಾಜ್ಯದಲ್ಲಿ ಶ್ರೀಗ್ರಂಥವನ್ನು ಮುಟ್ಟಿ ಸುಳ್ಳುಸಾಕ್ಷಿ ಹೇಳುವುದು, ಮಕ್ಕಳನ್ನು ಬೈಯುವಾಗ ಸಿಟ್ಟಿನಲ್ಲಿ ಪವಿತ್ರ ನಾಮವನ್ನು ಎಳೆಯುವುದು, ಇವೆಲ್ಲ ಆ ಕಟ್ಟಳೆಯ ಉಲ್ಲಂಘನೆಗಳೇ. ಆದರೆ ಪ್ರವಾದಿ ಯೆಜೆಕಿಯೇಲನು ಇನ್ನೂ ಆಳಕ್ಕೆ ಹೋಗುತ್ತಾನೆ. ದೇವಜನರ ದುರ್ನಡತೆಯಿಂದಲೇ ದೇವರ ನಾಮವು ಅನ್ಯಜನಾಂಗಗಳ ನಡುವೆ ಅಪಕೀರ್ತಿಗೆ ಗುರಿಯಾಯಿತೆಂದು ಅವನ 36ನೆಯ ಅಧ್ಯಾಯವು ದೂರುತ್ತದೆ. ಕ್ರೈಸ್ತನೆಂಬ ಹೆಸರು ಹೊತ್ತವನು ಕೂಲಿಯವನ ಸಂಬಳವನ್ನು ತಡೆದರೆ, ಸೊಸೆಯನ್ನು ಹಿಂಸಿಸಿದರೆ, ಕುಡಿದು ನೆರೆಯವರೊಡನೆ ಕಾದಾಡಿದರೆ, ನಾಮವು ಕೆಡುವುದು ಅವನದಷ್ಟೇ ಅಲ್ಲ. ಪ್ರಭು ಕಲಿಸಿದ ಜಪದಲ್ಲಿ ತಂದೆಯ ನಾಮವು ಪೂಜಿತವಾಗಲೆಂದು ಮೊದಲು ಬೇಡುವಾಗ ನಾವು ನಮ್ಮ ನಡತೆಗಾಗಿಯೂ ಬೇಡುತ್ತಿರುತ್ತೇವೆ.

ದೇವಾಲಯವೆಂದರೇನೆಂಬುದಕ್ಕೆ ಹಳೆಯ ಒಡಂಬಡಿಕೆಯಲ್ಲಿ ಒಂದು ಸುಂದರ ಉತ್ತರವಿದೆ: ದೇವರು ತಮ್ಮ ನಾಮವನ್ನು ನೆಲೆಗೊಳಿಸಲು ಆರಿಸಿಕೊಂಡ ಸ್ಥಳ. ಅರಸ ಸೊಲೊಮೋನನು ಜೆರುಸಲೇಮಿನ ದೇವಾಲಯವನ್ನು ಪ್ರತಿಷ್ಠಾಪಿಸಿದಾಗ ಮಾಡಿದ ಪ್ರಾರ್ಥನೆಯು ಅರಸುಗಳ ಮೊದಲನೆಯ ಗ್ರಂಥದ 8ನೆಯ ಅಧ್ಯಾಯದಲ್ಲಿದೆ. ಸ್ವರ್ಗವೂ ಹಿಡಿಸಲಾರದ ದೇವರನ್ನು ಈ ಕಲ್ಲಿನ ಮನೆ ಹಿಡಿಸೀತೇ ಎಂದು ಅವನು ಮೊದಲು ಕೇಳುತ್ತಾನೆ. ಅನಂತರ ಇಸ್ರಯೇಲರಿಗಾಗಿ ಬೇಡುತ್ತಾನೆ. ಅಷ್ಟಕ್ಕೆ ನಿಲ್ಲದೆ, ದೂರದೇಶದ ಪರಕೀಯನೊಬ್ಬನು ದೇವರ ಮಹಾನಾಮವನ್ನು ಕೇಳಿ ಇಲ್ಲಿಗೆ ಬಂದು ಪ್ರಾರ್ಥಿಸಿದರೆ ಅವನ ಮೊರೆಯನ್ನೂ ಲಾಲಿಸಬೇಕೆಂದು ವಿಶೇಷವಾಗಿ ಬೇಡಿಕೊಳ್ಳುತ್ತಾನೆ. ಶತಮಾನೋತ್ಸವದ ಸಂದರ್ಭದಲ್ಲಿ ಗೋಡೆಗೆ ಬಣ್ಣ ಬಳಿಯುವುದು, ಗಂಟೆಗೋಪುರವನ್ನು ದುರಸ್ತಿ ಮಾಡುವುದು ಅಗತ್ಯವೇ ಸರಿ. ಆದರೆ ಸೊಲೊಮೋನನ ಆ ಕೊನೆಯ ಬೇಡಿಕೆಯು ನಮ್ಮ ಬೇಡಿಕೆಯೂ ಆಗಲಿ. ಕನ್ನಡದಲ್ಲಾಗಲಿ, ಉರ್ದುವಿನಲ್ಲಾಗಲಿ, ತೆಲುಗು, ಮರಾಠಿ, ತಮಿಳು, ಕೊಂಕಣಿಗಳಲ್ಲಾಗಲಿ ದೇವರನ್ನು ಕರೆಯುತ್ತ ಈ ಬಾಗಿಲಿಗೆ ಬಂದವರು, ತಾವು ಕರೆದ ನಾಮಕ್ಕೆ ಇಲ್ಲಿ ಗೌರವವಿದೆಯೆಂದು ಕಂಡು ಹೋಗುವಂತಾಗಲಿ.